ಕೊಂಡಿ ಹಾಕುವಾಗ ಮಾತಾಡಬಾರದು

ಫುಸ್ಸ್.

ಬಹಳ ದಣಿದವರು ಕೂತಲ್ಲೇ ಬಿಟ್ಟ ಉಸಿರಿನಂಥ ಸದ್ದು. ಒಲೆಯ ಮುಂದೆ ನಿಂತು ಬಾಣಲೆಗೆ ಮೊಟ್ಟೆ ಒಡೆಯುತ್ತಿದ್ದ ಆರ್ಡಿಸ್ ಹೌಗನ್ ಕಿಟಕಿಯ ಕಡೆ ತಿರುಗಲಿಲ್ಲ. ಮನಸ್ಸಿನಲ್ಲೇ 'ಒಂದು' ಅಂದುಕೊಂಡಳು. ಹೊರಗೆ, ಅವರ ಮನೆಯೇ ಆಗಿದ್ದ ಬಸ್ಸಿನಂಥ ಮೋಟರ್‌ಹೋಮಿನ ಬೆನ್ನಿಗೆ ಕಟ್ಟಿದ ಜೀಪಿನಲ್ಲಿ ಕೂತು ಅವಳ ಗಂಡ ವರ್ಲಿನ್ ಬ್ರೇಕಿನ ಪೆಡಲ್ ಒತ್ತುತ್ತಿದ್ದ. ಇಂಜಿನ್ ಆರಿಸಿದ ಮೇಲೂ ಬ್ರೇಕಿನೊಳಗೆ ಸ್ವಲ್ಪ ಬಲ ಉಳಿದಿರುತ್ತದೆ. ಐದು ಸಲ ಒತ್ತಿದರೆ ಅದು ಬರಿದಾಗಿ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಆಮೇಲೆ ಪೆಡಲಿನ ಮುಂದೆ ಬ್ರೇಕಿನ ಪೆಟ್ಟಿಗೆ ಇಟ್ಟು, ಅದರ ಕೈಯನ್ನು ಪೆಡಲಿಗೆ ಕಚ್ಚಿಸಿ, ಸೀಟನ್ನು ಮುಂದಕ್ಕೆ ಸರಿಸಿ ಪೆಟ್ಟಿಗೆಗೆ ಒತ್ತು ಕೊಡಬೇಕು. ದಾರಿಯಲ್ಲಿ ಮೋಟರ್‌ಹೋಮ್ ವೇಗ ಇಳಿಸಿದಾಗಲೆಲ್ಲ ಆ ಪೆಟ್ಟಿಗೆ ಯಾರೂ ಇಲ್ಲದ ಜೀಪಿನೊಳಗೆ ಕಾಲು ಚಾಚಿ ಪೆಡಲ್ ತುಳಿಯುತ್ತದೆ.

ಫುಸ್ಸ್. ಎರಡು.

ಮೂರನೆಯದು ಬರಲಿಲ್ಲ. ಮರುಭೂಮಿಯ ಬೆಳಗಿನಲ್ಲಿ ಸದ್ದಿಗೆ ಅಡ್ಡ ಬರುವಂಥದ್ದು ಏನೂ ಇರುವುದಿಲ್ಲ. ಅವಳು ಉಸಿರು ಹಿಡಿದು ಕಾದಳು. ಬಂದದ್ದು ಸೀಟು ಮುಂದೆ ಜಾರಿ ಕಚ್ಚಿಕೊಂಡ ಸದ್ದು.

ಪೆಡಲ್ ಮೆತ್ತಗಿರುವಾಗಲೇ ಸೀಟು ಒತ್ತಿದರೆ ಪೆಟ್ಟಿಗೆ ಅದನ್ನು ಅರ್ಧಕ್ಕೆ ತುಳಿದುಕೊಂಡೇ ಕೂತುಬಿಡುತ್ತದೆ. ಚಕ್ರ ಉರುಳುತ್ತದೆ, ಬ್ರೇಕು ಬಿಡುವುದಿಲ್ಲ. ಆರ್ಡಿಸ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ಆದರೂ ಅವಳು ಗಾಬರಿಯಾಗಲಿಲ್ಲ. ಜೀಪನ್ನು ಮೋಟರ್‌ಹೋಮಿಗೆ ಕೊಂಡಿ ಹಾಕಿ ಮುಗಿಸಿದ ಮೇಲೆ ವರ್ಲಿನ್ ಕೈ ತೊಳೆಯಲು ಒಳಗೆ ಬರುತ್ತಾನೆ. ಆ ಹೊತ್ತಿನಲ್ಲಿ ತಾನು ಕಸ ಎಸೆಯುವ ನೆಪದಲ್ಲಿ ಇಳಿದು ಹೋಗಿ, ಸೀಟು ಹಿಂದೆ ಸರಿಸಿ, ಉಳಿದ ಮೂರು ಸಲ ಒತ್ತಿ, ಎಲ್ಲ ಮೊದಲಿನಂತೆ ಇಟ್ಟು ಬಂದರಾಯಿತು. ಹೋದ ಅಕ್ಟೋಬರಿನಿಂದ ಹಾಗೆಯೇ ಮಾಡುತ್ತ ಬಂದಿದ್ದಳು. ಯಾರಿಗೂ ಗೊತ್ತಿರಲಿಲ್ಲ. ಆರು ಚಳಿಗಾಲ ಅವಳ ಪಕ್ಕದಲ್ಲೇ ಬಿಡಾರ ಹೂಡಿದ ನನಗೂ ಗೊತ್ತಿರಲಿಲ್ಲ.

ಆ ಗುರುವಾರ ವರ್ಲಿನ್ ಕೈ ತೊಳೆಯಲು ಬರಲಿಲ್ಲ. ನೇರ ಮುಂದೆ ಬಂದು ಚಾಲಕನ ಸೀಟಿನಲ್ಲಿ ಕೂತು ಇಂಜಿನ್ ಶುರುಮಾಡಿದ. "ಏ ಮುದುಕಿ, ಮೊಟ್ಟೆ ದಾರೀಲಿ ತಿನ್ನೋಣ. ಟಯರ್ ಅಂಗಡಿಯೋನು ಎಂಟಕ್ಕೆ ಬಾ ಅಂದಿದ್ದಾನೆ," ಅಂದ.

"ಒಂದ್ನಿಮಿಷ ತಾಳು. ಕಸ ಎಸೆದು ಬರ್ತೀನಿ."

"ಕಸಕ್ಕೇನವಸರ? ಅದೇನು ಓಡಿಹೋಗುತ್ತಾ?"

ಮೋಟರ್‌ಹೋಮ್ ಆಗಲೇ ಚಲಿಸುತ್ತಿತ್ತು. ಅವಳು ಬಾಣಲೆಯನ್ನು ತೊಟ್ಟಿಯೊಳಗೆ ಇಟ್ಟು, ಪಕ್ಕದ ಸೀಟಿನಲ್ಲಿ ಕೂತು, ಪಟ್ಟಿ ಬಿಗಿದುಕೊಂಡಳು. ಹೇಳಬಹುದಿತ್ತು. 'ನಿಲ್ಲಿಸು, ಎರಡೇ ಸಲ ಒತ್ತಿದ್ದೀಯ' ಎಂಬ ಒಂದು ಮಾತು. ಆ ಮಾತು ಬಾಯಿಗೆ ಬಂದರೆ ಅದರ ಹಿಂದೆ ಅಕ್ಟೋಬರಿನಿಂದ ಕೂಡಿಟ್ಟದ್ದೆಲ್ಲ ಬರುತ್ತದೆ ಎಂದು ಅವಳಿಗೆ ಅನ್ನಿಸಿತಂತೆ.

ನಮ್ಮ ಬಯಲಿನಿಂದ ಪಟ್ಟಣಕ್ಕೆ ಹದಿನಾಲ್ಕು ಮೈಲಿ, ನಡುವೆ ಒಂದೇ ಒಂದು ಸಣ್ಣ ಏರು. ಏರು ದಾಟುವಷ್ಟರಲ್ಲಿ ಹಿಂದಿನ ಟ್ರಕ್ಕು ಹಾರ್ನ್ ಬಾರಿಸತೊಡಗಿತು. ಪಕ್ಕಕ್ಕೆ ಬಂದು, ಚಾಲಕ ಕೈ ಹೊರಗೆ ಹಾಕಿ ಹಿಂದಕ್ಕೆ, ಹಿಂದಕ್ಕೆ ಎಂದು ತೋರಿಸಿದ. ವರ್ಲಿನ್ ಅವನಿಗೆ ನಗುತ್ತ ಕೈ ಬೀಸಿದ.

"ಕೈ ಬೀಸ್ತಿಲ್ಲ ಕಣೋ ಅವ್ನು, ನಿಲ್ಸು!" ಅಂದಳು ಆರ್ಡಿಸ್.

ಇಳಿದು ನೋಡಿದರೆ ಜೀಪಿನ ಮುಂದಿನ ಎರಡು ಚಕ್ರಗಳಿಂದ ನೀಲಿ ಹೊಗೆ. ಬೆಂಕಿ ಇನ್ನೂ ಹತ್ತಿರಲಿಲ್ಲ. ಹಿಂದೆ ಎಳೆಯುವ ಕಾರಿನ ವಿಷಯದಲ್ಲಿ ಭಯವಿರುವುದೇ ಇಲ್ಲಿ: ಮುಂದೆ ಕೂತವನಿಗೆ ಅದು ಉರಿಯುವುದು ಗೊತ್ತಾಗುವುದಿಲ್ಲ. ನಲವತ್ತು ಅಡಿ ದೂರ, ನಡುವೆ ಮಂಚ, ಬಚ್ಚಲು, ಗೋಡೆ. ಹೋದ ವಸಂತದಲ್ಲಿ ಉತ್ತರದ ಘಟ್ಟ ಇಳಿಯುವಾಗ ಒಂದು ಮೋಟರ್‌ಹೋಮ್ ಹೀಗೆಯೇ ಬಾಲದಿಂದ ಹೊತ್ತಿಕೊಂಡಿತ್ತು. ಒಳಗಿದ್ದ ಗಂಡಹೆಂಡತಿ ರೇಡಿಯೋ ಹಾಕಿಕೊಂಡು ಮೂರು ಮೈಲಿ ಇಳಿದಿದ್ದರು. ಅಲ್ಲಿ ರಸ್ತೆಯ ಅಂಚು ಇನ್ನೂ ಕಪ್ಪಗಿದೆ. ಹಾದುಹೋಗುವಾಗ ನಾವು ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ.

ಇನ್ನು ಎಂಟು ದಿನಕ್ಕೆ ಹೌಗನ್ ದಂಪತಿಗಳು ಅದೇ ಘಟ್ಟ ಇಳಿಯಬೇಕಿತ್ತು.

*

ಆರ್ಡಿಸ್ ಉತ್ತರ ಡಕೋಟಾದವಳು. ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಹಿಮ ಬಿದ್ದು ರಸ್ತೆಯೂ ಹೊಲವೂ ಒಂದೇ ಬಿಳಿಯಾದ ದಿನಗಳಲ್ಲಿ ಬೇಲಿಯ ಕಂಬಗಳನ್ನು ನೋಡಿಕೊಂಡು ನಲವತ್ತು ಮಕ್ಕಳನ್ನು ಮನೆ ಮುಟ್ಟಿಸಿದವಳು. ಒಂದು ಮಗುವಿಗೂ ಗೀರು ಬಿದ್ದಿರಲಿಲ್ಲ. ಅವಳು ಇದನ್ನು ಹೇಳಿಕೊಳ್ಳುವವಳಲ್ಲ, ವರ್ಲಿನ್ ಹೇಳುತ್ತಿದ್ದ. ಅವನು ಟ್ರ್ಯಾಕ್ಟರ್ ಮಾರುತ್ತಿದ್ದವನು. ನಗಿಸಿ ಮಾರುತ್ತಿದ್ದವನು. ನಿವೃತ್ತಿಯಾದ ವರ್ಷ ಮನೆ ಮಾರಿ ಮೋಟರ್‌ಹೋಮ್ ಕೊಂಡಾಗ ಮೊದಲ ದಿನವೇ ಅವನು ಅವಳ ಕೈಯಿಂದ ಕೀಲಿ ತೆಗೆದುಕೊಂಡಿದ್ದ. "ಊರಿನ ಮಕ್ಕಳನ್ನೆಲ್ಲ ಹೊತ್ತು ತಿರುಗಿದ್ದು ಸಾಕು. ಇನ್ಮೇಲೆ ನೀನು ಕೂತ್ಕೋ. ನಿನ್ನ ನಾನು ಕರ್ಕೊಂಡು ಹೋಗ್ತೀನಿ." ಅದು ಉಡುಗೊರೆಯ ಮಾತು. ಅವಳು ಉಡುಗೊರೆಯೆಂದೇ ತೆಗೆದುಕೊಂಡಳು. ಒಂಬತ್ತು ವರ್ಷದಲ್ಲಿ ಅದು ಯಾವಾಗ ನಿಯಮವಾಯಿತೋ ಇಬ್ಬರೂ ಗಮನಿಸಲಿಲ್ಲ.

ಚಳಿಗಾಲಕ್ಕೆ ನಮ್ಮ ಅರಿಜೋನಾ ಬಯಲು, ಏಪ್ರಿಲಿನಿಂದ ಉತ್ತರದ ಮೊಂಟಾನಾದ ಒಂದು ಕೆರೆಯ ದಡ. ಅಲ್ಲಿ ಬಿಡಾರಕ್ಕೆ ಬರುವವರನ್ನು ನೋಡಿಕೊಳ್ಳುವ ಕೆಲಸ ಇಬ್ಬರಿಗೂ, ಬದಲಿಗೆ ಬೇಸಿಗೆಯೆಲ್ಲ ನಿಲ್ಲಲು ಜಾಗ. ಚಕ್ರ ನಿಂತರೆ ಹೋಗಲು ಅವರಿಗೆ ಬೇರೆ ಮನೆಯಿರಲಿಲ್ಲ. ಚಕ್ರದ ಮೇಲಿದ್ದದ್ದೇ ಮನೆ.

ನಮ್ಮವರಲ್ಲಿ ಒಂದು ಕಟ್ಟಳೆಯಿದೆ. ಯಾರಾದರೂ ಕೊಂಡಿ ಹಾಕುತ್ತಿದ್ದರೆ ಅವರನ್ನು ಮಾತಾಡಿಸಬಾರದು. ಪಿನ್ನು, ಸರಪಳಿ, ವೈರು, ನ್ಯೂಟ್ರಲ್, ಕೀಲಿ, ಪೆಡಲ್, ಪೆಟ್ಟಿಗೆ: ಹನ್ನೆರಡು ಕೆಲಸ, ಒಂದರ ಹಿಂದೆ ಒಂದು. ನಡುವೆ ಯಾರಾದರೂ 'ಏನಪ್ಪಾ, ಹೊರಟ್ಯಾ?' ಅಂದರೂ ಸಾಕು, ಒಂದು ಕೆಲಸ ಜಾರಿಹೋಗುತ್ತದೆ. ಅಪ್ಪಿತಪ್ಪಿ ಮಾತಾಡಿಸಿದರೆ ಅವರು ಎಲ್ಲ ಬಿಚ್ಚಿ ಮೊದಲಿನಿಂದ ಶುರುಮಾಡಬೇಕು. ಆದ್ದರಿಂದ ಕೊಂಡಿ ಹಾಕುವವರನ್ನು ಕಂಡರೆ ನಾವು ಮುಖ ತಿರುಗಿಸಿ ಬೆಟ್ಟ ನೋಡುತ್ತೇವೆ. ಅದು ಮರ್ಯಾದೆ. ಆರ್ಡಿಸ್ ಈ ಕಟ್ಟಳೆಯ ವಿಷಯದಲ್ಲಿ ನಮ್ಮೆಲ್ಲರಿಗಿಂತ ಬಿಗಿ. ಕಾಫಿ ಲೋಟ ಹಿಡಿದು ವರ್ಲಿನ್‌ನತ್ತ ಹೊರಟವರನ್ನು ದೂರದಿಂದಲೇ ಕೈಸನ್ನೆ ಮಾಡಿ ತಡೆಯುತ್ತಿದ್ದಳು. ಒಂಬತ್ತು ವರ್ಷದಲ್ಲಿ ಒಂದು ದಿನವೂ ಅವಳು ಅವನು ಕೊಂಡಿ ಹಾಕುವುದನ್ನು ನಿಂತು ನೋಡಿರಲಿಲ್ಲ. ಕೇಳಿಸಿಕೊಂಡಿದ್ದಳು, ಅಷ್ಟೇ.

*

"ಪೆಟ್ಟಿಗೆ ಕೆಟ್ಟಿದೆ," ಅಂದ ವರ್ಲಿನ್, ಅದೇ ಸಂಜೆ, ನನ್ನ ಬಿಡಾರದ ನೆರಳಿನಲ್ಲಿ ಕೂತು. "ಒಂಬತ್ತು ವರ್ಷದ ಮಾಲು. ಹೊಸದು ತಗೊಂಡ್ರೆ ಮುಗೀತು."

ಆಚೆ ಬದಿಯ ಕ್ರೀಗರ್ ಬಿಯರ್ ಡಬ್ಬಿ ತೆರೆಯುತ್ತ, "ಕೆಟ್ಟಿರೋದು ಪೆಟ್ಟಿಗೇನೋ, ಪೆಟ್ಟಿಗೆ ಇಟ್ಟೋನೋ?" ಅಂದ. ಕ್ರೀಗರ್ ಎಲ್ಲರನ್ನೂ ಹೀಗೆ ಕೆಣಕುವವನೇ. ಅವನ ಮಾತನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ.

"ನಿನ್ನ ಹೆಂಡ್ತಿ ನಿನ್ನ ಬಿಟ್ಟುಹೋದಾಗ ಕೊಂಡಿ ಯಾರು ಬಿಚ್ಚಿದ್ದು? ನಾನಾ?" ಅಂದ ವರ್ಲಿನ್. ಎಲ್ಲರೂ ನಕ್ಕರು. ಆರ್ಡಿಸ್ ನಗಲಿಲ್ಲ. ತಟ್ಟೆಯಲ್ಲಿದ್ದ ಬೀನ್ಸನ್ನು ಚಮಚದಿಂದ ಒಂದು ಬದಿಗೆ ಸೇರಿಸುತ್ತ, ಮತ್ತೆ ಹರಡುತ್ತ ಇದ್ದಳು.

"ಬೇರೆ ತರದ್ದು ಇದ್ಯಾ ನೋಡೋಣ," ಅಂದಳು ಕೊನೆಗೆ. "ಪೆಟ್ಟಿಗೆ ಇಲ್ದೇ ಇರೋದು. ಮೆಕ್ಯಾನಿಕ್ ಎಫ್ರೆನ್‌ನ ಕರೆಸ್ತೀನಿ."

"ಯಾಕೆ? ಪೆಟ್ಟಿಗೆ ಹಾಕೋದು ನಂಗೆ ಗೊತ್ತಲ್ಲ."

"ಗೊತ್ತು ಕಣೋ. ನೋಡೋದಕ್ಕೇನು ಕಾಸಾ?"

ಮಾರ್ಚ್ ಕೊನೆಯ ವಾರ ನಮ್ಮ ಬಯಲು ದಿನಕ್ಕಿಷ್ಟು ಖಾಲಿಯಾಗುತ್ತದೆ. ಬಿಸಿಲು ಏರುವ ಮೊದಲು ಒಬ್ಬೊಬ್ಬರೇ ಉತ್ತರಕ್ಕೆ ಹೊರಡುತ್ತಾರೆ. ಅವರು ನಿಂತಿದ್ದಲ್ಲಿ ಒಂದು ಕಲ್ಲಿನ ಸುತ್ತು, ನಡುವೆ ಚಾಪೆಯಾಕಾರದ ಚೊಕ್ಕ ನೆಲ ಉಳಿಯುತ್ತದೆ. ಕಾಡುಕಾಗೆಗಳು ಆ ಸುತ್ತುಗಳೊಳಗೆ ಕುಪ್ಪಳಿಸುತ್ತ ಏನನ್ನೋ ಹುಡುಕುತ್ತವೆ. ಶನಿವಾರದ ಹೊತ್ತಿಗೆ ನಮ್ಮ ಸಾಲಿನಲ್ಲಿ ಉಳಿದದ್ದು ಮೂರೇ ಬಿಡಾರ: ನನ್ನದು, ಕ್ರೀಗರನದು, ಹೌಗನ್ನರದು. ಗಾಳಿ ಉತ್ತರದಿಂದ ಬೀಸುತ್ತಿತ್ತು, ಎಡೆಬಿಡದೆ, ಯಾರನ್ನೋ ಬರಬೇಡವೆಂದು ತಳ್ಳುವ ಹಾಗೆ.

ಎಫ್ರೆನ್ ಬಾಕಾ ತನ್ನ ವ್ಯಾನಿನಲ್ಲಿ ಬಂದ. ವ್ಯಾನೇ ಅವನ ಕಾರ್ಖಾನೆ. ನಲವತ್ತರ ಆಸುಪಾಸಿನ, ಹೆಚ್ಚು ಮಾತಿಲ್ಲದ ಮನುಷ್ಯ. ಪೆಟ್ಟಿಗೆಯನ್ನು ಬಾನೆಟ್ಟಿನ ಮೇಲಿಟ್ಟು, ವೈರು ಕೊಟ್ಟು, ಅದರ ಕೈ ಹಿಂದೆ ಮುಂದೆ ಆಡುವುದನ್ನು ಹತ್ತು ನಿಮಿಷ ನೋಡಿದ.

"ಇದು ಚೆನ್ನಾಗೇ ಇದೆ, ಸರ್."

"ಚೆನ್ನಾಗಿದ್ರೆ ಹೊಗೆ ಎಲ್ಲಿಂದ ಬಂತಪ್ಪಾ? ಚಕ್ರ ಸಿಗರೇಟು ಸೇದ್ತಾ?"

ಎಫ್ರೆನ್ ನಕ್ಕ. ಒಮ್ಮೆ ಆರ್ಡಿಸ್‌ಳ ಮುಖ ನೋಡಿದ. "ನೀವು ಹೇಗೆ ಹಾಕ್ತೀರೋ ಹಾಗೇ ಒಂದ್ಸಲ ಹಾಕಿ ತೋರ್ಸಿ. ನಾನು ಮಧ್ಯ ಬಾಯಿ ಹಾಕಲ್ಲ."

"ನಲವತ್ತು ವರ್ಷ ಟ್ರ್ಯಾಕ್ಟರ್ ಮಾರಿದೋನಿಗೆ ಪೆಡಲ್ ಒತ್ತೋ ಪರೀಕ್ಷೆ!" ಅಂದ ವರ್ಲಿನ್ ನಮ್ಮ ಕಡೆ ತಿರುಗಿ. "ಡಕೋಟಾದಲ್ಲಿ ಗಾಳಿ ಎಷ್ಟಿತ್ತು ಗೊತ್ತಾ ಎಫ್ರೆನ್? ಒಂದಿನ ಇದ್ದಕ್ಕಿದ್ದ ಹಾಗೆ ನಿಂತುಬಿಡ್ತು. ಊರಿಗೆ ಊರೇ ಮುಗ್ಗರಿಸಿ ಬಿತ್ತು!"

ಆ ಬೆಳಿಗ್ಗೆ ಅವನು ಅದನ್ನು ಹೇಳಿದ್ದು ಎರಡನೆಯ ಸಲ. ಎಫ್ರೆನ್ ಎರಡನೆಯ ಸಲವೂ ನಕ್ಕ.

ವರ್ಲಿನ್ ಬಾಗಿದ. ಸುತ್ತ ಮಾತು ನಿಂತಿತು. ನಾನೂ ಕ್ರೀಗರನೂ ರೂಢಿಯಂತೆ ಬೆಟ್ಟದ ಕಡೆ ತಿರುಗಿದೆವು. ಸರಳು ಕೂತ ಸದ್ದು, ಪಿನ್ನು ಇಳಿದ ಸದ್ದು, ಸರಪಳಿಯ ಗಲಗಲ. ಕೈಗಳಿಗೆ ಎಲ್ಲ ನೆನಪಿತ್ತು. ಜೀಪಿನ ಬಾಗಿಲು ತೆರೆಯಿತು. ಫುಸ್ಸ್. ಫುಸ್ಸ್. ಆಮೇಲೆ ಏನೂ ಇಲ್ಲ.

ಏನೂ ಇಲ್ಲದ್ದು ಬಹಳ ಹೊತ್ತು ನಡೆಯಿತು. ಅವನು ಯೋಚಿಸುತ್ತಿದ್ದಾನೆ ಅಂದುಕೊಂಡೆ. ಕಟ್ಟಳೆಗೆ ತಲೆಬಾಗಿ ಬೆಟ್ಟವನ್ನೇ ನೋಡುತ್ತ ನಿಂತೆ. ಪಕ್ಕದಲ್ಲಿ ಆರ್ಡಿಸ್ ಚಲಿಸಿದ್ದು ಕಂಡಿತು. ಅವಳು ತಿರುಗಿದ್ದಳು. ಅವಳು ನೋಡುತ್ತಿದ್ದಳು. ಆಗ ನಾನೂ ತಿರುಗಿದೆ.

ವರ್ಲಿನ್ ಒಂದು ಕೈ ಸ್ಟಿಯರಿಂಗಿನ ಮೇಲಿಟ್ಟು ತನ್ನ ಪಾದವನ್ನೇ ನೋಡುತ್ತಿದ್ದ. ಅದು ಬೇರೆ ಯಾರದೋ ಪಾದ, ಅಲ್ಲಿಗೆ ಯಾಕೆ ಬಂತೋ ಎಂಬಂತೆ. ಆಮೇಲೆ ತಲೆಯೆತ್ತಿ ಗಾಜಿನಾಚೆ ನೋಡಿದ. ಬಾಯಿ ಸ್ವಲ್ಪ ತೆರೆದಿತ್ತು. ನಗಿಸುವ ಮನುಷ್ಯನ ಮುಖದಿಂದ ನಗು ಇಳಿದುಹೋದರೆ ಕೆಳಗೆ ಏನಿರುತ್ತದೆ ಎಂದು ನಾನು ಅದುವರೆಗೆ ನೋಡಿರಲಿಲ್ಲ. ಆರ್ಡಿಸ್ ನೋಡಿದ್ದಳಂತೆ, ಬೇರೆಯವರ ಮುಖದ ಮೇಲೆ. ಬಸ್ಸಿನ ಕನ್ನಡಿಯಲ್ಲಿ. ವರ್ಷಕ್ಕೊಂದಾದರೂ ಮಗು ಇರುತ್ತಿತ್ತು, ಶಾಲೆ ಶುರುವಾದ ಮೊದಲ ವಾರ, ತಾನು ಇಳಿಯಬೇಕಾದದ್ದು ಯಾವ ತಿರುವಿನಲ್ಲಿ ಎಂದು ಮರೆತದ್ದು. ಅಳುವುದಿಲ್ಲ, ಕೇಳುವುದಿಲ್ಲ. ಪ್ರತಿಯೊಂದು ಮನೆಯನ್ನೂ 'ಇದೇ ಇರಬಹುದೇ' ಎಂದು ನೋಡುತ್ತ ಕೂತಿರುತ್ತದೆ.

ಆರು ಚಳಿಗಾಲ ನಾವು ಇದಕ್ಕೇ ಬೆನ್ನು ತಿರುಗಿಸಿ ನಿಂತಿದ್ದೆವೋ ಏನೋ. ಯಾವ ವರ್ಷದಿಂದ ಅಂತ ಈಗ ಯಾರು ಹೇಳಬೇಕು?

ಅವನು ಸೀಟನ್ನು ಮುಂದಕ್ಕೆ ತಳ್ಳಿದ.

"ವರ್ಲಿನ್," ಅಂದಳು ಆರ್ಡಿಸ್. "ಎಷ್ಟು ಸಲ ಒತ್ತಿದೆ?"

ಕ್ರೀಗರನ ಕೈಯ ಡಬ್ಬಿ ಅರ್ಧದಲ್ಲೇ ನಿಂತಿತು. ಆರ್ಡಿಸ್ ಕೊಂಡಿ ಹಾಕುವವನನ್ನು ಮಾತಾಡಿಸಿದ್ದಳು.

"ಐದು," ಅಂದ ವರ್ಲಿನ್, ತಕ್ಷಣ, ಗೆಲುವಾಗಿ. "ಯಾವಾಗ್ಲೂ ಐದೇ." ಮರುಕ್ಷಣ ಅವನ ಮುಖ ಕೆಂಪಾಯಿತು. "ನೀನೇ! ನೀನೇ ಮಾತಾಡಿಸ್ತೀಯಲ್ಲ! ಊರೋರಿಗೆಲ್ಲ ಪಾಠ ಹೇಳೋಳು! ಈಗ ಎಲ್ಲ ಬಿಚ್ಚಿ ಮೊದಲಿಂದ ಮಾಡ್ಬೇಕು."

ಯಾರೂ ಬೇಡ ಅನ್ನಲಿಲ್ಲ. ಅದು ಕಟ್ಟಳೆ. ಅವನು ಎಲ್ಲವನ್ನೂ ಬಿಚ್ಚಿದ, ಮತ್ತೆ ಹಾಕಿದ. ಈ ಸಲ ಯಾರೂ ಬೆಟ್ಟ ನೋಡಲಿಲ್ಲ. ಪೆಡಲನ್ನು ಅವನು ಏಳು ಸಲ ಒತ್ತಿದ. ಹೊರಗೆ ಬಂದು, ಕೈ ಒರೆಸಿಕೊಂಡು, "ಹ್ಞೂಂ? ಪಾಸಾ, ಫೇಲಾ?" ಅಂತ ಕೇಳಿದ.

"ಪಾಸು, ಸರ್," ಅಂದ ಎಫ್ರೆನ್ ಮೆಲ್ಲಗೆ.

*

ಆ ಸಂಜೆ ಆರ್ಡಿಸ್ ಒಬ್ಬಳೇ ನನ್ನ ಬಿಡಾರಕ್ಕೆ ಬಂದಳು. ಅಕ್ಟೋಬರಿನ ಕತೆ ಹೇಳಿದ್ದು ಆಗಲೇ. ಕಸ ಎಸೆಯುವ ನೆಪ, ಅಡುಗೆಮನೆಯಿಂದ ಎಣಿಸುವುದು, ಮೂರು ಬಂದ ದಿನ, ನಾಲ್ಕು ಬಂದ ದಿನ.

"ಲೆಕ್ಕ ತಪ್ಪುತ್ತೆ ಅಷ್ಟೇ ಅಂದ್ಕೊಂಡಿದ್ದೆ ಕಣೇ ಮಾರ್ವಾ," ಅಂದಳು. "ವಯಸ್ಸಾದೋರಿಗೆ ಲೆಕ್ಕ ತಪ್ಪಲ್ವಾ? ನಂಗೂ ತಪ್ಪುತ್ತೆ. ಅವನ ಮುಖ ಹಾಗಿರುತ್ತೆ ಅಂತ ನಂಗೆ ಹೇಗೆ ಗೊತ್ತಾಗ್ಬೇಕು? ನಾನು ನೋಡ್ತಾನೇ ಇರ್ಲಿಲ್ಲ."

"ಡಾಕ್ಟರಿಗೆ ತೋರ್ಸು."

"ತೋರಿಸ್ತೀನಿ. ಮೊಂಟಾನಾಕ್ಕೆ ಹೋಗಿ ತೋರಿಸ್ತೀನಿ. ಡಾಕ್ಟರು ಮೊದಲು ಮಾಡೋ ಕೆಲಸ ಏನು ಗೊತ್ತಲ್ಲ? ಲೈಸೆನ್ಸ್ ಕಿತ್ಕೊಳ್ಳೋದು. ಅವನಿಂದ ಕೀಲಿ ಕಿತ್ಕೊಂಡ್ರೆ ಉಳಿಯೋದೇನು ಹೇಳು? ನಗಿಸೋದೊಂದು."

"ಘಟ್ಟ ಇದೆಯಲ್ಲೇ ನಡುವೆ."

"ಅದಕ್ಕೇ ಬ್ರೇಕು ಬದಲಿಸ್ತಿರೋದು," ಅಂದಳು ಗಟ್ಟಿಯಾಗಿ. "ಅವನು ಮರೆತ್ರೂ ತಾನು ಮರೀದೇ ಇರೋ ಬ್ರೇಕು ಯಾವುದೋ ಅದನ್ನ ಹಾಕಿಸ್ತೀನಿ."

ಮರೆಯುವವನ ಕೈಗೆ ಗಾಡಿಯನ್ನೇ ಕೊಡಬಾರದು ಎಂದು ಆಗ ನಾನು ಹೇಳಬಹುದಿತ್ತು. ಹೇಳಲಿಲ್ಲ. ಅವಳ ಧ್ವನಿಯಲ್ಲಿ ಅಷ್ಟು ಹೊತ್ತಿಗೆ ಒಂದು ನೆಮ್ಮದಿ ಬಂದಿತ್ತು, ಅದನ್ನು ಕದಡಲು ಮನಸ್ಸಾಗಲಿಲ್ಲ. ನೆರೆಯವರ ನೆಮ್ಮದಿಗೆ ನಾವು ತೋರಿಸುವ ಇಂಥ ಮರ್ಯಾದೆಯಿಂದ ಎಷ್ಟು ಜನ ಘಟ್ಟದ ಕಡೆಗೆ ಹೊರಟಿದ್ದಾರೋ.

*

ಸೋಮವಾರ ಬೆಳಿಗ್ಗೆ ಎಫ್ರೆನ್ ಮತ್ತೆ ಬಂದ. ಎಲ್ಲರೂ ಜೀಪಿನ ಪಕ್ಕ ಮಡಚುವ ಕುರ್ಚಿ ಹಾಕಿಕೊಂಡು ಕೂತೆವು. ಆರ್ಡಿಸ್ ದಾಲ್ಚಿನ್ನಿ ಬನ್ನು ಬಿಸಿಮಾಡಿ ತಂದಿದ್ದಳು. ವರ್ಲಿನ್ ಪ್ರಸನ್ನನಾಗಿದ್ದ. ಶನಿವಾರದ ಸಿಟ್ಟಿನ ಗುರುತೂ ಇರಲಿಲ್ಲ. ಜೇಬಿನಲ್ಲಿ ಕೀಲಿಗೊಂಚಲನ್ನು ಜಣಜಣ ಆಡಿಸುತ್ತ ಕೂತಿದ್ದ.

"ಮೂರು ದಾರಿ ಇದೆ ಮೇಡಂ," ಅಂದ ಎಫ್ರೆನ್. "ಒಂದು, ಈಗಿರೋ ಪೆಟ್ಟಿಗೇನೇ ಇಟ್ಕೊಳ್ಳೋದು. ಕೊರೆಯೋದಿಲ್ಲ, ಕತ್ತರಿಸೋದಿಲ್ಲ. ಆದ್ರೆ ಪ್ರತಿ ಸಲ ಇಡ್ಬೇಕು, ತೆಗೀಬೇಕು. ಎರಡನೇದು, ಎಳೆಯೋ ಸರಳಿಗೇ ಕಟ್ಟೋ ಕೇಬಲ್ಲು. ಜೀಪು ಮುಂದಕ್ಕೆ ನುಗ್ಗಿದ್ರೆ ಆ ನುಗ್ಗೇ ಬ್ರೇಕ್ ಎಳೆಯುತ್ತೆ. ಅಗ್ಗ. ಆದ್ರೆ ಉದ್ದ ಇಳಿಜಾರಲ್ಲಿ ಜೀಪು ನುಗ್ತಾನೇ ಇರುತ್ತೆ. ಆ ಘಟ್ಟಕ್ಕೆ ನಾನದನ್ನ ಹಾಕಲ್ಲ."

"ಮೂರನೇದು?"

"ಒಳಗೇ ಕೂರೋದು. ಪೆಡಲ್ ಹಿಂದೆ, ಕಣ್ಣಿಗೆ ಕಾಣ್ದೇ ಇರೋ ಹಾಗೆ. ಪೆಡಲಿಗೆ ಬೇಕಾದ ಬಲಾನ ಅದೇ ನೋಡ್ಕೊಳ್ಳುತ್ತೆ, ಒತ್ತಿ ಬರಿದು ಮಾಡೋ ರಗಳೆನೇ ಇಲ್ಲ. ಮುಂದಿನ ಗಾಡಿ ಎಷ್ಟು ಬ್ರೇಕ್ ಹಾಕುತ್ತೋ ಇದೂ ಅಷ್ಟೇ. ಒಂದು ವೈರು ಸಿಕ್ಕಿಸಿದ್ರೆ ಆಯ್ತು. ಒಂದಿನದ ಕೆಲಸ. ತೂತು ಕೊರೀಬೇಕು."

"ನನ್ನ ಜೀಪಿಗೆ ತೂತಾ?" ಅಂದ ವರ್ಲಿನ್. "ಕ್ರೀಗರನ ತಲೆಗೆ ಕೊರಿ, ಅಲ್ಲಿ ಜಾಗ ಖಾಲಿ ಇದೆ."

"ಬೇಗ ಕೊರೀರಿ," ಅಂದಳು ಆರ್ಡಿಸ್.

"ಏನಂದೆ?"

"ಮೂರನೇದು ಹಾಕಿ ಎಫ್ರೆನ್. ಇವತ್ತೇ."

ವರ್ಲಿನ್ ಅವಳನ್ನು ನೋಡಿದ. ಕೀಲಿಯ ಜಣಜಣ ನಿಂತಿತ್ತು. "ಒಂಬತ್ತು ವರ್ಷದಿಂದ ಪೆಟ್ಟಿಗೆ ಇಟ್ಟೋನು ನಾನು. ಒಂದ್ಸಲ ಹೊಗೆ ಬಂತು ಅಂತ..."

"ಒಂದ್ಸಲ ಸಾಕು ಕಣೋ."

ಎಫ್ರೆನ್ ಬನ್ನಿನ ಚೂರನ್ನು ಬೆರಳಿನಿಂದ ಒರೆಸಿಕೊಂಡ. ಅವನಿಗೆ ಇನ್ನೇನೋ ಹೇಳುವುದಿತ್ತು, ಹೇಳುವ ಮನಸ್ಸಿರಲಿಲ್ಲ. "ಮೇಡಂ, ಒಂದು ಮಾತು. ಇದರಿಂದ ಒಂದು ಕೆಲಸ ಕಮ್ಮಿ ಆಗುತ್ತೆ. ಎಲ್ಲ ಅಲ್ಲ. ಪಿನ್ನು ಕೈಯಲ್ಲೇ ಹಾಕ್ಬೇಕು. ಗೇರನ್ನ ನ್ಯೂಟ್ರಲ್‌ಗೆ ಕೈಯಲ್ಲೇ ತರ್ಬೇಕು. ಅದು ತಪ್ಪಿದ್ರೆ ಬ್ರೇಕು ಯಾವುದಿದ್ರೂ ಒಂದೇ. ಅದಕ್ಕೆ ಯಂತ್ರ ಇಲ್ಲ, ನನ್ನ ಹತ್ರ ಇಲ್ಲ, ಯಾರ ಹತ್ರಾನೂ ಇಲ್ಲ."

ಆರ್ಡಿಸ್ ತಲೆಯಾಡಿಸಿದಳು. ಆಡಿಸುತ್ತಲೇ ಇದ್ದಳು, ನಿಲ್ಲಿಸುವುದು ಮರೆತವಳಂತೆ. ಎರಡು ರಾತ್ರಿಗಳ ನೆಮ್ಮದಿ ಅವಳ ಮುಖದಿಂದ ಇಳಿದುಹೋಗುವುದನ್ನು ನಾನು ನೋಡಿದೆ.

"ಡಕೋಟಾದಲ್ಲಿ ಗಾಳಿ ಹೇಗಿತ್ತು ಗೊತ್ತಾ ಎಫ್ರೆನ್?" ಅಂದ ವರ್ಲಿನ್. "ಒಂದಿನ ನಿಂತುಬಿಡ್ತು. ಊರಿಗೆ ಊರೇ..."

"ಮುಗ್ಗರಿಸಿ ಬಿತ್ತು," ಅಂದ ಎಫ್ರೆನ್.

"ಓ, ನಿಂಗೆ ಗೊತ್ತಾ ಇದು?" ವರ್ಲಿನ್‌ಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

ಎಫ್ರೆನ್ ಎದ್ದು ವ್ಯಾನಿನಿಂದ ಒಂದು ಸಣ್ಣ ಡಬ್ಬ ತಂದ. ಅದರಿಂದ ಉಗುರಿನಷ್ಟು ದೊಡ್ಡ ದೀಪವೊಂದನ್ನು ತೆಗೆದು ಅಂಗೈ ಮೇಲಿಟ್ಟುಕೊಂಡ. "ಇದು ಮುಂದಿನ ಗಾಡೀಲಿ, ಚಾಲಕನ ಎದುರಿಗೆ. ಹಿಂದೆ ಜೀಪು ಬ್ರೇಕ್ ಹಿಡಿದಾಗ ಕೆಂಪಗೆ ಹತ್ತುತ್ತೆ, ಬಿಟ್ಟಾಗ ಆರುತ್ತೆ. ಆರದೆ ಉರೀತಾನೇ ಇದ್ರೆ ತಕ್ಷಣ ಗಾಡಿ ನಿಲ್ಲಿಸ್ಬೇಕು. ಹಿಂದೆ ಏನಾಗ್ತಿದೆ ಅಂತ ಹೇಳೋದು ಇದೊಂದೇ. ಬಿಸಿಲಿಗೆ ಮಂಕಾಗುತ್ತೆ, ಅದಕ್ಕೇ ಕೂತೋರ ಕಣ್ಣಿನ ನೇರಕ್ಕೆ ಇಡ್ಬೇಕು, ಒಂದಂಗುಲ ಆಚೀಚೆ ಆದ್ರೂ ಕಾಣಲ್ಲ." ಅವನು ಯಾರನ್ನೂ ನೋಡದೆ ದೀಪವನ್ನು ನೋಡಿಕೊಂಡೇ ಕೇಳಿದ, "ಯಾರ ಎತ್ತರಕ್ಕೆ ಇಡ್ಲಿ? ಘಟ್ಟ ಇಳಿಸೋದು ಯಾರು?"

ಗಾಳಿ ಬನ್ನಿನ ಮೇಲಿನ ಕಾಗದವನ್ನು ಎತ್ತಿ ಖಾಲಿ ಬಯಲಿನ ಉದ್ದಕ್ಕೂ ಉರುಳಿಸಿಕೊಂಡು ಹೋಯಿತು. ಯಾರೂ ಹಿಡಿಯಲು ಹೋಗಲಿಲ್ಲ.

"ಇದೂ ಒಂದು ಪ್ರಶ್ನೆನಾ?" ಅಂದ ವರ್ಲಿನ್ ನಗುತ್ತ. "ನಾನು ಆರಡಿ ಎರಡಂಗುಲ. ಬರ್ಕೋ. ಇವಳು ಒಂಬತ್ತು ವರ್ಷದಿಂದ ಸ್ಟಿಯರಿಂಗ್ ಮುಟ್ಟಿಲ್ಲ. ಇವಳ ಕೆಲಸ ನಕ್ಷೆ ನೋಡೋದು, ನನ್ನ ಬೈಯೋದು. ಅಲ್ವೇನೇ? ಹೇಳು ಅವನಿಗೆ."

ಆರ್ಡಿಸ್ ಮಡಿಲಿನ ಚೂರುಗಳನ್ನು ಕೊಡವಿದಳು.

"ಹೇಳೇ. ಪಾಪ, ಕಾಯ್ತಿದ್ದಾನೆ. ಆ ಘಟ್ಟನ ನಾನು ಎಷ್ಟು ಸಲ ಇಳಿಸಿದ್ದೀನಿ, ಹೇಳು. ಎಂಟು? ಒಂಬತ್ತು?" ಅವನ ಕೈ ಜೇಬಿನೊಳಗೆ ಕೀಲಿಗೊಂಚಲನ್ನು ಮುಷ್ಟಿಯಾಗಿ ಹಿಡಿದಿತ್ತು. ಬಟ್ಟೆಯ ಮೇಲಿಂದ ಗೆಣ್ಣುಗಳು ಕಾಣುತ್ತಿದ್ದವು. "ಹತ್ತಾ? ಎಷ್ಟೇ, ಆರ್ಡಿಸ್? ನಂಗೆ ಈಗ ತಟ್ಟಂತ..."

ಅವಳು ಎದ್ದಳು. ಅವನ ಹೆಗಲ ಮೇಲೆ ಒಂದು ಕ್ಷಣ ಅಂಗೈ ಊರಿದಳು, ಏಳಲು ಆಸರೆಗೋ, ಬೇರೆ ಯಾತಕ್ಕೋ. ಎಫ್ರೆನ್‌ನ ಅಂಗೈಯಿಂದ ದೀಪವನ್ನು ತೆಗೆದುಕೊಂಡಳು. ಮೋಟರ್‌ಹೋಮಿನ ಬಾಗಿಲ ಕಡೆಗೆ, ಚಾಲಕನ ಸೀಟಿನ ಕಡೆಗೆ, ಅವಸರವಿಲ್ಲದೆ ನಡೆಯತೊಡಗಿದಳು.

"ಎಲ್ಲಿಗೇ? ನಾನಿನ್ನೂ ಮಾತಾಡ್ತಿದ್ದೀನಿ," ಅಂದ ವರ್ಲಿನ್. "ಆರ್ಡಿಸ್? ಕೀಲಿ ನನ್ನ ಹತ್ರ ಇದೆ ಕಣೇ, ಕೀಲಿ..."

ಅವಳು ಆಗಲೇ ಜೀಪನ್ನು ದಾಟಿದ್ದಳು.